ಟಕ್ ಟಕ್ ಅಂದ ಮಾತ್ರಕ್ಕೆ ಬ್ಯಾಟರಿ ಸತ್ತಿಲ್ಲ!

ಮಂಡಿಪೇಟೆಯ ಕಾರು, ಹರಿಹರದ ಬಸ್ಸು: ಬೆಳಗಿನ ಸ್ಟಾರ್ಟಿಂಗ್ ಕಾಟಕ್ಕೆ ಮೂಲ ಯಾವುದು?

ಮಂಡಿಪೇಟೆ: ಬೆಳಿಗ್ಗೆ ಒಂಬತ್ತರ ಹೊತ್ತು. ಅಂಗಡಿಗಳ ಷಟರ್ ಒಂದೊಂದಾಗಿ ಮೇಲೇಳುತ್ತಿರುತ್ತವೆ. ಹಮಾಲರು ಮೂಟೆ ಇಳಿಸುತ್ತಿರುತ್ತಾರೆ. ರಸ್ತೆ ಇರುವುದೇ ಇಷ್ಟಗಲ. ಅದರ ನಟ್ಟನಡುವೆ ಒಂದು ಕಾರು ನಿಂತುಬಿಡುತ್ತದೆ. ಯಜಮಾನರು ಕೀಲಿ ತಿರುವುತ್ತಾರೆ. ಟಕ್ ಟಕ್ ಟಕ್... ಅಷ್ಟೇ! ಹಿಂದೆ ಲಗೇಜ್ ಆಟೋದ ಹಾರನ್ನು, ಅದರ ಹಿಂದೆ ಕೈಗಾಡಿ, ಅದರ ಹಿಂದೆ ಬೈಕುಗಳ ಸಂತೆ. ಐದು ನಿಮಿಷದೊಳಗೆ ಅಲ್ಲೇ ಹತ್ತು ಮಂದಿ ತಜ್ಞರು ಹುಟ್ಟಿಕೊಳ್ಳುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ತೀರ್ಪು: “ಬ್ಯಾಟ್ರಿ ಹೋಗೈತ್ರೀ ಸಾವ್ಕಾರ್ರೇ, ಹೊಸಾದು ಹಾಕ್ಸಿಬಿಡ್ರಿ.”

ಮಧ್ಯಾಹ್ನದೊಳಗೆ ಹೊಸ ಬ್ಯಾಟರಿ ಬಂದು ಕೂರುತ್ತದೆ. ಸಣ್ಣ ಕಾರಿನ ಬ್ಯಾಟರಿಯೂ ಇವತ್ತು ಸಾವಿರಗಟ್ಟಲೆ ರೂಪಾಯಿಯ ಬಾಬತ್ತು. ಗಾಡಿ ಜುಮ್ಮನೆ ಸ್ಟಾರ್ಟ್ ಆಗುತ್ತದೆ. ಎಲ್ಲರಿಗೂ ಸಮಾಧಾನ. ಆದರೆ ಹದಿನೈದು ದಿನ ಕಳೆಯುವಷ್ಟರಲ್ಲಿ ಮತ್ತೆ ಅದೇ ಟಕ್ ಟಕ್ ಬಂದರೆ? ಆಗ ಬೈಯುವುದು ಯಾರನ್ನು? ಬ್ಯಾಟರಿ ಕಂಪನಿಯನ್ನೋ, ಅಂಗಡಿಯವನನ್ನೋ, ನಮ್ಮ ಹಣೆಬರಹವನ್ನೋ?

ಬೈಯಬೇಕಾದ್ದು ನಮ್ಮ ಅವಸರವನ್ನು. ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದರೆ ಮೂರು ಸಾಧ್ಯತೆ ಉಂಟು. ಒಂದು, ಬ್ಯಾಟರಿ ನಿಜವಾಗಿಯೂ ಸತ್ತಿದೆ. ಎರಡು, ಅದು ಸತ್ತಿಲ್ಲ, ಹಸಿದಿದೆ. ಮೂರು, ಅದರ ತಪ್ಪೇ ಇಲ್ಲ. ದೋಷ ಬೇರೆ ಕಡೆ ಇದೆ. ಈ ಮೂರರಲ್ಲಿ ಯಾವುದು ಅನ್ನೋದನ್ನು ತಿಳಿಯಲು ದೊಡ್ಡ ವಿದ್ಯೆ ಬೇಡ. ಎರಡು ಕಿವಿ, ಎರಡು ಕಣ್ಣು, ಒಂದು ಸಣ್ಣ ಮೀಟರ್ ಸಾಕು. ಅಷ್ಟು ನೋಡದೆ ಜೇಬಿಗೆ ಕೈ ಹಾಕಿದರೆ ಮೂರರಲ್ಲಿ ಎರಡು ಸಲ ದುಡ್ಡು ದಂಡ.

ಮೊದಲು ಕಿವಿ ಕೊಟ್ಟು ಕೇಳಿ

ಗಾಡಿ ಮಾತಾಡುತ್ತೆ. ಅದರ ಭಾಷೆ ತಿಳಿದಿರಬೇಕು ಅಷ್ಟೆ.

ಕೀಲಿ ತಿರುವಿದಾಗ ಏನೂ ಇಲ್ಲ. ಮೀಟರ್ ಬೋರ್ಡಿನಲ್ಲಿ ದೀಪವಿಲ್ಲ, ಹಾರನ್ ಇಲ್ಲ. ಅಂದರೆ ಕರೆಂಟು ಬರುತ್ತಲೇ ಇಲ್ಲ. ಬ್ಯಾಟರಿ ಪೂರ್ತಿ ಬರಿದಾಗಿರಬಹುದು, ಇಲ್ಲವೇ ಟರ್ಮಿನಲ್ ಕಳಚಿರಬಹುದು, ಅಥವಾ ಮುಖ್ಯ ಫ್ಯೂಸ್ ಹೋಗಿರಬಹುದು. ಎಷ್ಟೋ ಸಲ ಟರ್ಮಿನಲ್ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಗುಟ್ಟು ರಟ್ಟಾಗುತ್ತದೆ.

ಟಕ್ ಟಕ್ ಟಕ್ ಟಕ್ ಅಂತ ಬಿಡದೆ ಸದ್ದು, ಜೊತೆಗೆ ದೀಪ ಮಿಣುಕು ಮಿಣುಕು. ಇದು ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ, ಅಥವಾ ಟರ್ಮಿನಲ್ ಹಿಡಿತ ಸರಿಯಿಲ್ಲ ಅನ್ನುವ ಗುರುತು. ಸೆಲ್ಫ್ ಮೋಟಾರಿನ ಮೇಲಿರುವ ಸ್ವಿಚ್ಚು ಎಳೆದುಕೊಳ್ಳುತ್ತೆ, ಮೋಟಾರಿಗೆ ಕರೆಂಟು ಹರಿದ ಕೂಡಲೇ ಬ್ಯಾಟರಿ ಕುಸಿಯುತ್ತೆ, ಸ್ವಿಚ್ಚು ಬಿಟ್ಟುಕೊಡುತ್ತೆ, ಮತ್ತೆ ಎಳೆಯುತ್ತೆ. ಆ ಕುಣಿತವೇ ಟಕ್ ಟಕ್.

ಒಂದೇ ಒಂದು ಗಟ್ಟಿ ‘ಟಕ್’, ಆಮೇಲೆ ಮೌನ, ಆದರೆ ದೀಪ ಮಾತ್ರ ಝಗಝಗ. ಹಾಗಿದ್ದರೆ ಬ್ಯಾಟರಿಯನ್ನು ಬಿಟ್ಟು ಸೆಲ್ಫ್ ಮೋಟಾರಿನ ಮೇಲೆ ಕಣ್ಣಿಡಿ. ಒಳಗಿನ ಕಾರ್ಬನ್ ಸವೆದಿರಬಹುದು, ಸ್ವಿಚ್ಚಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು.

‘ಊಂಯ್... ಊಂಯ್...’ ಅಂತ ಎತ್ತು ಏರಿ ಹತ್ತಿದಂತೆ ಇಂಜಿನ್ ನಿಧಾನ ತಿರುಗಿದರೆ ಬ್ಯಾಟರಿ ವೀಕು, ಇಲ್ಲವೇ ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಕೇಬಲ್ ತುಕ್ಕು ಹಿಡಿದಿದೆ. ‘ಸರ್ರ್’ ಅಂತ ಬರೀ ಮೋಟಾರು ತಿರುಗಿ ಇಂಜಿನ್ ಮಿಸುಕದಿದ್ದರೆ ಸೆಲ್ಫಿನ ಹಲ್ಲುಚಕ್ರ ಕಚ್ಚಿಕೊಳ್ಳುತ್ತಿಲ್ಲ.

ಇನ್ನು ಇಂಜಿನ್ ಚುರುಕಾಗಿ ತಿರುಗುತ್ತೆ, ಆದರೆ ಹೊತ್ತಿಕೊಳ್ಳುವುದಿಲ್ಲ. ಹಾಗಾದರೆ ಬ್ಯಾಟರಿಗೆ ಕ್ಲೀನ್ ಚಿಟ್ ಕೊಡಿ! ತಿರುಗಿಸುವ ಕೆಲಸ ಅದರದು, ಅದು ಮಾಡಿದೆ. ಪೆಟ್ರೋಲ್ ಗಾಡಿಯಾದರೆ ಪೆಟ್ರೋಲ್ ಪಂಪು, ಸ್ಪಾರ್ಕ್ ಪ್ಲಗ್ಗು. ಡೀಸೆಲ್ ಗಾಡಿಯಾದರೆ ಏರ್ ಲಾಕ್, ಡೀಸೆಲ್ ಫಿಲ್ಟರು, ಹೀಟರ್ ಪ್ಲಗ್ಗು ನೋಡಬೇಕು. ಹೊಸ ಕಾರಿನಲ್ಲಿ ಕೀಲಿ ಗುರುತಿನ ದೀಪ ಮಿನುಗುತ್ತಿದ್ದರೆ ಗಾಡಿ ನಿಮ್ಮ ಕೀಲಿಯನ್ನೇ ಗುರುತಿಸುತ್ತಿಲ್ಲ ಎಂದು ಅರ್ಥ. ಕೆಲವು ಕಾರುಗಳಲ್ಲಿ ಕ್ಲಚ್ ಪೂರ್ತಿ ಒತ್ತದಿದ್ದರೆ ಸೆಲ್ಫೇ ಹೊಡೆಯುವುದಿಲ್ಲ. ಕಾಲಿನ ತಪ್ಪಿಗೆ ಬ್ಯಾಟರಿ ಬದಲಿಸಬಾರದು ನೋಡಿ.

ಆಮೇಲೆ ಕಣ್ಣು ಬಿಟ್ಟು ನೋಡಿ

ಹೆಡ್‌ಲೈಟ್ ಹಾಕಿ, ಎದುರಿನ ಗೋಡೆಯ ಮೇಲೆ ಬೆಳಕು ಬೀಳಲಿ. ಈಗ ಸೆಲ್ಫ್ ಹೊಡೆಯಿರಿ. ಬೆಳಕು ಸತ್ತುಹೋದಂತೆ ಕುಗ್ಗಿದರೆ ಬ್ಯಾಟರಿ ಅಥವಾ ಅದರ ಕನೆಕ್ಷನ್ ದೋಷ. ಬೆಳಕು ಕದಲದೆ ಹಾಗೇ ಇದ್ದು ಇಂಜಿನ್ ತಿರುಗದಿದ್ದರೆ ಕರೆಂಟು ಸೆಲ್ಫ್ ಮೋಟಾರಿಗೆ ಮುಟ್ಟುತ್ತಲೇ ಇಲ್ಲ. ಖರ್ಚಿಲ್ಲದ ಪರೀಕ್ಷೆ. ಅಂಗಡಿಯ ಷಟರ್ ಮುಂದೆಯೇ ಮಾಡಬಹುದು.

ಬಾನೆಟ್ ಎತ್ತಿ. ಟರ್ಮಿನಲ್ ಸುತ್ತ ಬಿಳಿ, ಹಸಿರು ಪುಡಿ ಬೆಳೆದು ನಿಂತಿದ್ದರೆ ಅರ್ಧ ಉತ್ತರ ಸಿಕ್ಕಿತು. ಸಣ್ಣ ಕಾರಿನ ಸೆಲ್ಫ್ ಕೂಡ ಒಮ್ಮೆಗೆ ನೂರು-ನೂರೈವತ್ತು ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟು ಈ ಪುಡಿಯನ್ನು ದಾಟಿ ಹೋಗಲಾರದು. ದೀಪ ಉರಿಯುತ್ತೆ, ರೇಡಿಯೋ ಹಾಡುತ್ತೆ, ಸೆಲ್ಫ್ ಮಾತ್ರ ಹೊಡೆಯಲ್ಲ! ಬಿಸಿನೀರಿಗೆ ಒಂದಿಷ್ಟು ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಟರ್ಮಿನಲ್ ಬಿಗಿ ಮಾಡಿ ಮೇಲೆ ವ್ಯಾಸಲೀನ್ ಸವರಿದರೆ ಕೆಲಸ ಮುಗಿಯಿತು. ಸೋಡಾ ನೀರು ಬ್ಯಾಟರಿಯ ಒಳಗೆ ಮಾತ್ರ ಇಳಿಯಬಾರದು. ಪಾನಾ ಹಿಡಿಯುವಾಗ ಒಂದು ನಿಯಮ: ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಮೈನಸ್ ಕೊನೆಗೆ. ಇದು ತಪ್ಪಿದರೆ ಪ್ಲಸ್ ಮೇಲಿನ ಪಾನಾ ಬಾಡಿಗೆ ತಾಗಿ ಕಿಡಿ ಹಾರುತ್ತದೆ.

ಮೀಟರ್ ಹೇಳುವ ಸತ್ಯ

ಸಣ್ಣ ಡಿಜಿಟಲ್ ಮೀಟರು ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಾದರೂ ಸಿಗುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಗೆ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಹಿಡಿದು ನೋಡಿ. 12 ವೋಲ್ಟಿನ ಬ್ಯಾಟರಿ ಅಂತ ಕರೆದರೂ ಹೊಟ್ಟೆ ತುಂಬಿದ್ದಾಗ ಅದು ತೋರಿಸುವುದು 12.6 ಅಥವಾ ತುಸು ಹೆಚ್ಚು. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12 ಅಂದರೆ ಕಾಲು ಭಾಗ ಮಾತ್ರ. 11.8 ಕ್ಕೆ ಇಳಿದರೆ ತಳ ಕಂಡಂತೆ. ನೋಡಿ, ತುಂಬಿದ್ದಕ್ಕೂ ಬರಿದಾಗಿದ್ದಕ್ಕೂ ಒಂದು ವೋಲ್ಟಿನ ಅಂತರವೂ ಇಲ್ಲ. ‘ಹನ್ನೆರಡು ತೋರಿಸ್ತೈತಿ, ಚೆನ್ನಾಗೈತಿ’ ಅನ್ನುವವರು ಇಲ್ಲೇ ಮೋಸ ಹೋಗುವುದು.

ಸೆಲ್ಫ್ ಹೊಡೆಯುವಾಗ ಮೀಟರ್ ಇಳಿಯುತ್ತೆ, ಅದು ಸಹಜ. ಆದರೆ ಚಾರ್ಜ್ ತುಂಬಿದ ಬ್ಯಾಟರಿ ಸುಮಾರು 9.6 ಕ್ಕಿಂತ ಕೆಳಗೆ ಇಳಿಯಬಾರದು. ಎಷ್ಟು ಚಾರ್ಜ್ ಮಾಡಿದರೂ 10.5 ರ ಆಸುಪಾಸಿನಲ್ಲೇ ನಿಂತರೆ ಒಳಗಿನ ಆರು ಸೆಲ್ಲುಗಳಲ್ಲಿ ಒಂದು ಕೈಕೊಟ್ಟಿದೆ. ಪ್ರತಿ ಸೆಲ್ಲಿನದು 2 ವೋಲ್ಟಿಗಿಂತ ತುಸು ಹೆಚ್ಚು. ಆರರಲ್ಲಿ ಒಂದು ಹೋದರೆ ಉಳಿದದ್ದು ಅಷ್ಟೇ. ಈ ಬ್ಯಾಟರಿ ನಿಜವಾಗಿಯೂ ಸತ್ತದ್ದು. ಅದಕ್ಕೆ ಹೊಸದೇ ದಾರಿ.

ಇಂಜಿನ್ ಓಡುವಾಗ ಮೀಟರ್ ಸಾಮಾನ್ಯವಾಗಿ 13.8 ರಿಂದ 14.5 ರೊಳಗೆ ಇರಬೇಕು. ಓಡುವಾಗಲೂ 12 ರ ಆಸುಪಾಸಿನಲ್ಲೇ ಇದ್ದರೆ, ಅಥವಾ ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಆರದಿದ್ದರೆ, ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿಲ್ಲ. ಬೆಲ್ಟು ಸಡಿಲವೋ, ಕಾರ್ಬನ್ ಸವೆದಿದೆಯೋ, ಯಾವುದೋ ಒಂದು. ಅಂಥ ಗಾಡಿಗೆ ವರ್ಷಕ್ಕೆ ಮೂರು ಹೊಸ ಬ್ಯಾಟರಿ ಹಾಕಿದರೂ ಮೂರನ್ನೂ ನುಂಗಿ ನೀರು ಕುಡಿಯುತ್ತದೆ. ಹದಿನೈದು ದಿನಕ್ಕೆ ಟಕ್ ಟಕ್ ಮರುಕಳಿಸುವ ಕಥೆಗಳಲ್ಲಿ ಎಷ್ಟೋ ಇದೇ.

ಒಂದು ಎಚ್ಚರಿಕೆ. ಅಂಬಾಸಿಡರ್ ಕಾಲದಲ್ಲಿ ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು ‘ಡೈನಮೋ ಚೆಕ್’ ಮಾಡುವ ರೂಢಿ ಇತ್ತು. ಇಂಜಿನ್ ನಿಲ್ಲದಿದ್ದರೆ ಡೈನಮೋ ಸರಿ ಅಂತ ಲೆಕ್ಕ. ಆ ಪಾಠವನ್ನು ಇವತ್ತಿನ ಗಾಡಿಗೆ ಮಾಡಬೇಡಿ. ವೋಲ್ಟೇಜು ಒಮ್ಮೆಲೇ ಜಿಗಿದು ಗಾಡಿಯ ಕಂಪ್ಯೂಟರೇ ಸುಟ್ಟುಹೋಗಬಹುದು. ಆ ಕಂಪ್ಯೂಟರಿನ ಮುಂದೆ ಬ್ಯಾಟರಿಯ ಬೆಲೆ ಚಿಲ್ಲರೆ ಕಾಸು.

ಪೇಟೆಯ ಕಾರಿನ ಜಮಾ-ಖರ್ಚು

ಈಗ ನಮ್ಮ ಊರಿನದೇ ಕಾಯಿಲೆಗೆ ಬರೋಣ. ವಿದ್ಯಾನಗರದಲ್ಲೋ ಎಂ.ಸಿ.ಸಿ. ಬ್ಲಾಕಿನಲ್ಲೋ ಮನೆ. ಮಂಡಿಪೇಟೆಯಲ್ಲಿ ಅಂಗಡಿ. ನಡುವೆ ಕೆಲವೇ ಕಿಲೋಮೀಟರ್ ದಾರಿ, ಅದೂ ಆಮೆ ನಡಿಗೆ. ಬೆಳಿಗ್ಗೆ ಬಂದು ನಿಲ್ಲುತ್ತದೆ. ಮಧ್ಯೆ ಬ್ಯಾಂಕಿಗೊಮ್ಮೆ, ಊಟಕ್ಕೊಮ್ಮೆ, ಎ.ಪಿ.ಎಂ.ಸಿ.ಗೊಮ್ಮೆ. ದಿನಕ್ಕೆ ಏಳೆಂಟು ಸಲ ಸೆಲ್ಫ್. ಒಂದು ಸಲವೂ ಹತ್ತು ನಿಮಿಷ ಮೀರಿ ಓಟವಿಲ್ಲ.

ವ್ಯಾಪಾರಿಗಳಿಗೆ ಲೆಕ್ಕ ಹೇಳಿಕೊಡಬೇಕೇ? ಬ್ಯಾಟರಿ ಅನ್ನೋದು ಒಂದು ಖಾತೆ. ಆಲ್ಟರ್ನೇಟರ್ ಕೊಡುವುದು ಜಮಾ, ಉಳಿದದ್ದೆಲ್ಲ ಖರ್ಚು. ಸಣ್ಣ ಕಾರಿನದು 35 ಆಂಪಿಯರ್-ಅವರ್ ಬ್ಯಾಟರಿ ಅಂತ ಇಟ್ಟುಕೊಳ್ಳಿ. ಸೆಲ್ಫ್ ನೂರೈವತ್ತು ಆಂಪಿಯರ್ ಎಳೆದರೂ ಎಳೆಯುವುದು ಮೂರು ಸೆಕೆಂಡು. ಲೆಕ್ಕ ಹಾಕಿದರೆ ಒಂದು ಸ್ಟಾರ್ಟಿಗೆ 0.125 ಮಾತ್ರ. ಎಂಟು ಸಲಕ್ಕೆ 1. ಇದು ದೊಡ್ಡ ಕಳ್ಳ ಅಲ್ಲ.

ದೊಡ್ಡ ಕಳ್ಳರು ಬೇರೆ ಇದ್ದಾರೆ. ನಿಂತ ಗಾಡಿಯಲ್ಲೂ ಗಡಿಯಾರ, ಅಲಾರಂ, ಕಂಪ್ಯೂಟರು ಸದ್ದಿಲ್ಲದೆ ತಿನ್ನುತ್ತಿರುತ್ತವೆ. 50 ಮಿಲಿ ಆಂಪಿಯರ್ ಒಳಗಿದ್ದರೆ ಸಹಜ. 30 ಅಂತ ಹಿಡಿದರೂ ದಿನಕ್ಕೆ ಮುಕ್ಕಾಲು ಆಂಪಿಯರ್-ಅವರ್, ವಾರಕ್ಕೆ 5. ಮೂರು ವಾರ ಕಾಶಿಯಾತ್ರೆ ಮುಗಿಸಿ ಬರುವಷ್ಟರಲ್ಲಿ 15 ಖರ್ಚು, ಜಮಾ ಸೊನ್ನೆ! ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸೆಟ್ಟು, ಟ್ರ್ಯಾಕರ್, ಕ್ಯಾಮೆರಾಗಳ ವೈರಿಂಗ್ ಸರಿಯಿಲ್ಲದಿದ್ದರೆ ಈ ಸೋರಿಕೆ ಇನ್ನೂ ಹಲವು ಪಟ್ಟು.

ಇನ್ನು ಅಂಗಡಿ ಮುಂದೆ ಇಂಜಿನ್ ಆಫ್ ಮಾಡಿ, ಕೀಲಿ ಆನ್ ಇಟ್ಟು, ಫ್ಯಾನ್ ಹಾಕಿಕೊಂಡು ಹಾಡು ಕೇಳುತ್ತಾ ಲೋಡ್ ಬರುವುದನ್ನು ಕಾಯುವುದು. ಗಂಟೆಗೆ ನಾಲ್ಕೈದು ಆಂಪಿಯರ್ ಅಲ್ಲೇ ಹೋಯಿತು. ಹೆಡ್‌ಲೈಟ್ ಮರೆತರೆ ಗಂಟೆಗೆ 9 ಲೆಕ್ಕದಲ್ಲಿ ನಾಲ್ಕು ಗಂಟೆಯೊಳಗೆ ಖಾತೆ ಬರಿದು. ಇತ್ತ ಜಮಾ ನೋಡಿದರೆ, ಟ್ರಾಫಿಕ್ಕಿನಲ್ಲಿ ತೆವಳುವ ಇಂಜಿನ್ನಿನ ಆಲ್ಟರ್ನೇಟರ್ ಕೊಡುವುದೇ ಕಡಿಮೆ. ಎ.ಸಿ. ಫ್ಯಾನು, ಲೈಟು, ವೈಪರು ತಿಂದು ಉಳಿದರೆ ಬ್ಯಾಟರಿಗೆ.

ಹೀಗೆ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇದ್ದರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಗಟ್ಟಿ ಪೊರೆ ಕಟ್ಟುತ್ತದೆ. ಇದಕ್ಕೆ ಸಲ್ಫೇಷನ್ ಅನ್ನುತ್ತಾರೆ. ಆ ಜಾಗ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. 35 ರ ಬ್ಯಾಟರಿ 25 ಆಗುತ್ತೆ, ಆಮೇಲೆ 15. ಜೊತೆಗೆ ನಮ್ಮ ಏಪ್ರಿಲ್-ಮೇ ಬಿಸಿಲು. ಚಳಿದೇಶದವರು ಬ್ಯಾಟರಿಗೆ ಚಳಿ ಶತ್ರು ಅಂತಾರೆ. ನಮ್ಮಲ್ಲಿ ಅದರ ಆಯುಷ್ಯ ಕಡಿಯುವುದು ಬಿಸಿಲು. ಹೆಣ ಬೀಳುವುದು ಮಾತ್ರ ಮಳೆಗಾಲದ ಇಲ್ಲವೇ ಡಿಸೆಂಬರಿನ ತಣ್ಣನೆ ಮುಂಜಾನೆ.

ಮದ್ದು ಏನು? ವಾರಕ್ಕೊಮ್ಮೆ ಹೈವೇ ಹಿಡಿದು ಹರಿಹರಕ್ಕೆ ಹೋಗಿ ಬನ್ನಿ. ಹೋಗಿ ಬರಲು ಸುಮಾರು 28 ಕಿಲೋಮೀಟರ್. ಹರಿಹರೇಶ್ವರನ ದರ್ಶನವೂ ಆಯಿತು, ಬ್ಯಾಟರಿಗೆ ಊಟವೂ ಆಯಿತು! ಆದರೆ ತೀರಾ ಬರಿದಾದ ಬ್ಯಾಟರಿಗೆ ಈ ಓಟ ಸಾಲದು. ಅದನ್ನು ಬಿಚ್ಚಿ ಚಾರ್ಜಿಗೆ ಹಾಕಬೇಕು. 35 ರ ಬ್ಯಾಟರಿಗೆ ಸುಮಾರು ಮೂರೂವರೆ ಆಂಪಿಯರಿನಲ್ಲಿ ಹತ್ತು ಗಂಟೆಗೂ ಮೇಲೆ. ‘ಅರ್ಧ ಗಂಟೇಲಿ ಮಾಡಿಕೊಡ್ತೀವಿ’ ಅನ್ನುವ ಜೋರು ಚಾರ್ಜು ಬ್ಯಾಟರಿಯನ್ನು ಕುದಿಸುತ್ತದೆ ಅಷ್ಟೆ.

ನೀರು ಹಾಕುವ ಮಾದರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರಿನ ನೀರು ಬೇಡ, ಕುಡಿಯುವ ಫಿಲ್ಟರ್ ನೀರೂ ಬೇಡ. ಮೇಲಿಂದ ಆಸಿಡ್ ಹಾಕುವುದಂತೂ ಬೇಡವೇ ಬೇಡ.

ತಳ್ಳುವ ಮುನ್ನ, ತಂತಿ ಹಾಕುವ ಮುನ್ನ

ಕಾರಿಗೆ ಮೊದಲು ಕೈಹ್ಯಾಂಡಲ್ ಇತ್ತು. ಹಿಂದಕ್ಕೆ ಹೊಡೆದರೆ ಮುಂಗೈ ಮುರಿಯುತ್ತಿತ್ತು. 1912 ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸೆಲ್ಫ್ ಬಂದ ಮೇಲೆ ಆ ಕಷ್ಟ ತಪ್ಪಿತು. 2014 ರಲ್ಲಿ ತಯಾರಿಕೆ ನಿಂತ ನಮ್ಮ ಅಂಬಾಸಿಡರಿಗೆ ಹ್ಯಾಂಡಲ್ ಹಾಕಿ ತಿರುವಿದ್ದನ್ನು ಕಂಡವರು ಊರಲ್ಲಿ ಇನ್ನೂ ಇದ್ದಾರೆ. ಇವತ್ತು ಆ ದಾರಿ ಇಲ್ಲ. ಉಳಿದದ್ದು ತಳ್ಳುವುದು, ಇಲ್ಲವೇ ಇನ್ನೊಂದು ಗಾಡಿಯಿಂದ ತಂತಿ ಎಳೆಯುವುದು.

ತಳ್ಳುವುದು ಗೇರ್ ಹಾಕುವ ಗಾಡಿಗೆ ಮಾತ್ರ; ಎರಡನೇ ಗೇರಿನಲ್ಲಿ. ಆಟೋಮ್ಯಾಟಿಕ್ ಗಾಡಿಯನ್ನು ಪೇಟೆ ಪೂರ್ತಿ ತಳ್ಳಿದರೂ ಬೆವರು ಬರುತ್ತದೆಯೇ ಹೊರತು ಸ್ಟಾರ್ಟ್ ಆಗದು. ಇಂಜೆಕ್ಷನ್ ಗಾಡಿಯಲ್ಲಿ ಪಂಪಿಗೂ ಕಂಪ್ಯೂಟರಿಗೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಸೊನ್ನೆಯಾಗಿದ್ದರೆ ಅದೂ ಕೇಳದು.

ತಂತಿ ಹಾಕುವಾಗ ಕ್ರಮ ತಪ್ಪಬಾರದು. ಕೆಂಪು ತಂತಿ ಮೊದಲು ಬರಿದಾದ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ತಂತಿ ಒಳ್ಳೆಯದರ ಮೈನಸ್‌ಗೆ. ಅದರ ಕೊನೆಯ ಕ್ಲಿಪ್ಪು ಕೆಟ್ಟ ಗಾಡಿಯ ಬ್ಯಾಟರಿಗೆ ಅಲ್ಲ, ಬ್ಯಾಟರಿಯಿಂದ ದೂರವಿರುವ ಇಂಜಿನ್ನಿನ ಬರಿಯ ಕಬ್ಬಿಣಕ್ಕೆ. ಯಾಕೆಂದರೆ ಕೊನೆಯ ಕ್ಲಿಪ್ಪಿನಲ್ಲಿ ಕಿಡಿ ಏಳುತ್ತದೆ, ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತಿರುತ್ತದೆ. ಎರಡೂ ಸೇರಿದರೆ ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ! ಬೀಡಿ ಹಚ್ಚಿಕೊಂಡು ಬ್ಯಾಟರಿಯೊಳಗೆ ಇಣುಕುವ ಮಹಾಶಯರೂ ಇದನ್ನು ಗಮನಿಸಬೇಕು. ಕಾರಿಗೆ ಲಾರಿಯಿಂದ ತಂತಿ ಹಾಕಬೇಡಿ. ದೊಡ್ಡ ಲಾರಿಯದು 24 ವೋಲ್ಟು.

“ಸ್ವಲ್ಪ ತಳ್ರಪ್ಪಾ...”

ಬಸ್ಸಿನ ಪ್ರಯಾಣಿಕರಿಗೆ ಈ ಪುರಾಣ ಯಾಕೆ ಅನ್ನಬೇಡಿ. ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೂ ಇಂಜಿನ್ ಆಫ್ ಮಾಡದೆ ಹೊಗೆ ಬಿಡುವ ಬಸ್ಸನ್ನು ಕಂಡಿಲ್ಲವೇ? ಇಳಿಜಾರು ಹುಡುಕಿ ನಿಲ್ಲಿಸುವ ಡ್ರೈವರನ್ನು? ಎಲ್ಲರದೂ ಅದೇ ಕಾರಣ ಅಂತಲ್ಲ. ಆದರೆ ಅನೇಕ ಸಲ ಅದರ ಹಿಂದೆ ಇರುವುದು ಬಡ ಬ್ಯಾಟರಿ, ಇಲ್ಲವೇ ಸವೆದ ಸೆಲ್ಫ್. ಆಫ್ ಮಾಡಿದರೆ ಮತ್ತೆ ಆನ್ ಆಗುವ ಭರವಸೆ ಇಲ್ಲ. ಉರಿದ ಡೀಸೆಲ್ ಮಾಲೀಕನದು, ಕುಡಿದ ಹೊಗೆ ಪ್ರಯಾಣಿಕನದು.

ಬಸ್ಸಿಗೆ 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಕಟ್ಟಿ 24 ಮಾಡಿರುತ್ತಾರೆ. ಒಂದು ಸೋತರೆ ಎರಡೂ ಸೋತಂತೆ. ಒಂದನ್ನೇ ಹೊಸದು ಹಾಕಿ ಹಳೆಯದರ ಜೊತೆ ಕಟ್ಟಿದರೆ ಹಳೆಯದು ಹೊಸದನ್ನೂ ಎಳೆದು ಕೆಡವುತ್ತದೆ. ಎತ್ತಿನ ಜೋಡಿ ಕಟ್ಟುವ ರೈತನಿಗೆ ಗೊತ್ತಿರುವ ಮಾತಿದು. ಹಳೆಯ ಕಾಲದ ಡೀಸೆಲ್ ಪಂಪಿನ ಬಸ್ಸಾದರೆ ಹತ್ತು ಜನ ತಳ್ಳಿದರೆ ಗುಡುಗುಡು ಅನ್ನುತ್ತಿತ್ತು. 2020 ರ ಏಪ್ರಿಲ್ 1 ರಿಂದ ಬಂದ ಬಿ.ಎಸ್. 6 ಗಾಡಿಗಳು ಪೂರ್ತಿ ಕಂಪ್ಯೂಟರ್ ಕೈಯಲ್ಲಿವೆ. ಕರೆಂಟಿಲ್ಲದೆ ತಳ್ಳಿದರೆ ನಮ್ಮ ಸೊಂಟಕ್ಕೆ ನೋವು, ಬಸ್ಸಿಗೆ ಏನೂ ಇಲ್ಲ.

ಹರಿಹರದಿಂದ ದಾವಣಗೆರೆಗೆ ಕೂಲಿಗೆ, ಕಾಲೇಜಿಗೆ, ಆಸ್ಪತ್ರೆಗೆ ಬರುವವರಿಗೆ ಬೆಳಗಿನ ಒಂದು ಟ್ರಿಪ್ ತಪ್ಪಿದರೆ ಅರ್ಧ ದಿನದ ಸಂಬಳ ಹೋಯಿತು ಅಂತ ಅರ್ಥ. ಹೊರಡುವ ಮುನ್ನ ಮೀಟರ್ ಹಿಡಿದು ನೋಡಲು ಬೇಕಾದ್ದು ಎರಡು ನಿಮಿಷ. ಮಾಲೀಕರು, ಡಿಪೋದವರು ಇದನ್ನು ದಿನಚರಿ ಮಾಡಿಕೊಂಡರೆ ಪ್ರಯಾಣಿಕರ ಹರಕೆ ಸಿಗುತ್ತದೆ.

ಸೆಲ್ಫ್ ಕೆಟ್ಟಿದ್ದರೆ ಅದನ್ನು ರಿಪೇರಿ ಮಾಡುವ ಕೈಗಳು ನಮ್ಮಲ್ಲೇ ಇವೆ. ಕಾರ್ಬನ್ ಬದಲಿಸಿ, ಆರ್ಮೇಚರಿನ ಸವೆದ ತಾಮ್ರವನ್ನು ಲೇತಿನಲ್ಲಿ ಹದವಾಗಿ ಹೊಡೆದುಕೊಟ್ಟರೆ ಹಳೆಯ ಮೋಟಾರು ಇನ್ನಷ್ಟು ವರ್ಷ ದುಡಿಯುತ್ತದೆ. ಅಂದಹಾಗೆ ದೇಶದ ವರ್ಕ್‌ಶಾಪುಗಳಿಗೆ ಲೇತು ಮಾಡಿಕೊಟ್ಟ ಊರು ಹರಿಹರ. 1941 ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಮುಚ್ಚಿಹೋಗಿ ವರ್ಷಗಳಾದವು. ರಿಪೇರಿಯ ಕಸುಬು ಮುಚ್ಚಿಲ್ಲ.

ಹೊಸದು ಕೊಳ್ಳುವುದೇ ಆದರೆ

ಇಷ್ಟೆಲ್ಲ ನೋಡಿದ ಮೇಲೂ ಬ್ಯಾಟರಿಯೇ ಹೋಗಿದೆ ಅಂತ ಖಾತ್ರಿಯಾದರೆ ಕೊಳ್ಳಿ. ಆದರೆ ಮೊದಲು ಒಂದು ಮಾತು ಕೇಳಿ: “ಪೂರ್ತಿ ಚಾರ್ಜ್ ಮಾಡಿ ಆಮೇಲೆ ಲೋಡ್ ಟೆಸ್ಟ್ ಮಾಡಿದ್ರೇನು?” ಬರಿದಾದ ಬ್ಯಾಟರಿಗೆ ಲೋಡ್ ಹಾಕಿದರೆ ಒಳ್ಳೆಯದೂ ಫೇಲ್ ಆಗುತ್ತದೆ. ಉಪವಾಸ ಇದ್ದವನನ್ನು ಓಟಕ್ಕೆ ಬಿಟ್ಟು ಕಾಲು ಮುರಿದಿದೆ ಅಂದ ಹಾಗೆ. ಹಾಗೆಯೇ ಆಲ್ಟರ್ನೇಟರ್ ಚಾರ್ಜು ಅಳೆಸದೆ ಹೊಸದನ್ನು ಹಾಕಿಸಬೇಡಿ.

ಕಂಪನಿ ಹೇಳಿದ ಅಳತೆಯದನ್ನೇ ಹಾಕಿಸಿ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಕಾರಿಗೆ ಬೇರೆ ಜಾತಿಯ ಬ್ಯಾಟರಿ ಬೇಕು. ಅಗ್ಗಕ್ಕೆ ಸಿಕ್ಕಿತೆಂದು ಸಾದಾ ಹಾಕಿದರೆ ಬೇಗ ಕೈಕೊಡುತ್ತದೆ. ತಯಾರಾದ ತಿಂಗಳು ನೋಡಿ. ವಾರಂಟಿ ಕಾರ್ಡಿಗೆ ತಾರೀಖು, ಸೀಲು ಹಾಕಿಸಿ, ಬಿಲ್ಲು ಜೋಪಾನ ಮಾಡಿ. ವಾರಂಟಿಯಲ್ಲಿ ಸಾಮಾನ್ಯವಾಗಿ ಎರಡು ಭಾಗ: ಮೊದಲ ಅವಧಿಯಲ್ಲಿ ಪುಕ್ಕಟೆ ಬದಲಿ, ಆಮೇಲೆ ರಿಯಾಯಿತಿ ಮಾತ್ರ. ಎಷ್ಟು ತಿಂಗಳು ಯಾವುದು ಅಂತ ಕೌಂಟರಿನಲ್ಲೇ ಕೇಳಿಕೊಳ್ಳಿ.

ಹಳೆಯ ಬ್ಯಾಟರಿಯನ್ನು ಗುಜರಿಯವನ ಚೀಲಕ್ಕೆ ಹಾಕಬೇಡಿ. ಅದರ ಭಾರದಲ್ಲಿ ಅರ್ಧಕ್ಕೂ ಹೆಚ್ಚು ಸೀಸ. ಬಯಲಲ್ಲಿ ಒಡೆದು ಆಸಿಡನ್ನು ಚರಂಡಿಗೆ ಚೆಲ್ಲಿ, ಸೀಸ ಕರಗಿಸುವವರ ಹೊಗೆ ಮೊದಲು ತಟ್ಟುವುದು ಸುತ್ತಲಿನ ಮಕ್ಕಳ ಮಿದುಳಿಗೆ. ಹಳೆಯ ಬ್ಯಾಟರಿ ವಾಪಸು ಪಡೆಯುವ ನಿಯಮ 2001 ರಲ್ಲೇ ಬಂದಿತ್ತು. 2022 ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಆ ಹೊಣೆಯನ್ನು ತಯಾರಕರ ಮೇಲೆ ಇನ್ನಷ್ಟು ಬಿಗಿಯಾಗಿ ಹೊರಿಸಿವೆ. ಅಂಗಡಿಗೇ ಕೊಟ್ಟು ಹೊಸದರ ಬೆಲೆಯಲ್ಲಿ ಮುರಿಸಿಕೊಳ್ಳಿ. ದುಡ್ಡೂ ಉಳಿಯಿತು, ಪಾಪವೂ ತಪ್ಪಿತು.

ಎಲೆಕ್ಟ್ರಿಕ್ ಕಾರು ಕೊಂಡವರು ‘ನಮಗೆ ಈ ಗೊಡವೆ ಇಲ್ಲ’ ಅಂತ ನಗುವ ಹಾಗೂ ಇಲ್ಲ. ಹೆಚ್ಚಿನ ಎಲೆಕ್ಟ್ರಿಕ್ ಕಾರುಗಳಲ್ಲೂ 12 ವೋಲ್ಟಿನ ಒಂದು ಸಣ್ಣ ಬ್ಯಾಟರಿ ಕೂತಿರುತ್ತದೆ. ಅದು ಮುನಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಕಣ್ಣೇ ತೆರೆಯದು.

ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಗಾಡಿ ತೊಳೆದು, ಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಡುತ್ತೇವೆ. ಬಾನೆಟ್ ಮೇಲೆ ಕುಂಕುಮ ಇಡುತ್ತೇವೆ, ಬಾನೆಟ್ ಎತ್ತುವುದಿಲ್ಲ. ಈ ಸಲ ಹಬ್ಬಕ್ಕೆ ಕಾಯದೆ ನಾಳೆ ಬೆಳಿಗ್ಗೆಯೇ ಒಮ್ಮೆ ಎತ್ತಿ ನೋಡಿ. ಟರ್ಮಿನಲ್ಲಿನ ಬಿಳಿ ಪುಡಿ ಒರೆಸಿ, ಮೀಟರ್ ಹಿಡಿಯಿರಿ. 12.6 ಇದ್ದರೆ ನಿಶ್ಚಿಂತೆಯಿಂದ ವ್ಯಾಪಾರ ಮಾಡಿ. ಕಡಿಮೆ ಇದ್ದರೆ ಬ್ಯಾಟರಿ ಅಂಗಡಿಗೆ ಓಡುವ ಮುಂಚೆ ಕೇಳಿಕೊಳ್ಳಿ: ಇದು ಸತ್ತಿದೆಯೋ, ಹಸಿದಿದೆಯೋ?